ದಾಲ್ ಮಿಲ್ಲಿನಲ್ಲಿ ಒಂದು ಪಾಠ

ಕಳೆದ ತಿಂಗಳು ನನ್ನ ಐಟಿಐ ವಿದ್ಯಾರ್ಥಿಗಳನ್ನು ಕಲಬುರಗಿಯ ಒಂದು ದಾಲ್ ಮಿಲ್ಲಿಗೆ ಕರೆದೊಯ್ದಿದ್ದೆ. ಹಿಂದೆ ಹೆಂಗಸರು ಸಾಲಾಗಿ ಕುಳಿತು ಕೈಯಿಂದ ಆರಿಸುತ್ತಿದ್ದ ತೊಗರಿಬೇಳೆಯನ್ನು ಅಲ್ಲೀಗ ಸಾರ್ಟೆಕ್ಸ್ ಯಂತ್ರ ಆರಿಸುತ್ತದೆ. ಅದರೊಳಗಿನ ಕ್ಯಾಮೆರಾ ಬಣ್ಣಗೆಟ್ಟ ಬೇಳೆಯನ್ನು ಗುರುತಿಸಿದ ಕ್ಷಣದಲ್ಲೇ ಒತ್ತಡದ ಗಾಳಿ ಅದನ್ನು ಚಿಮ್ಮಿಸಿ ಹೊರಹಾಕುತ್ತದೆ. ಗಾಳಿಯ ಒತ್ತಡ ಇಳಿದರೆ, ಕ್ಯಾಮೆರಾದ ಮುಂದಿನ ಗಾಜಿನ ಮೇಲೆ ದೂಳು ಕುಳಿತರೆ ಏನಾಗುತ್ತದೆ ಎಂಬುದನ್ನು ಮಿಲ್ಲಿನ ಹಿರಿಯ ಮೇಸ್ತ್ರಿಯೊಬ್ಬರು ಹತ್ತೇ ನಿಮಿಷದಲ್ಲಿ ತೋರಿಸಿಕೊಟ್ಟರು. ನಾನು ಕಪ್ಪುಹಲಗೆಯ ಮೇಲೆ ವಾರವಿಡೀ ವಿವರಿಸಿದ್ದರೂ ಮಕ್ಕಳಿಗೆ ಅಷ್ಟು ಸ್ಪಷ್ಟವಾಗಿ ಮನದಟ್ಟಾಗುತ್ತಿರಲಿಲ್ಲ.

1961ರ ಅಪ್ರೆಂಟಿಸ್ ಕಾಯ್ದೆಯಡಿಯ ಈಗಿನ ನಿಯಮಗಳ ಪ್ರಕಾರ, 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಈ ನಿಯಮ ಹೊಂದುತ್ತದೆ. ಆದರೆ ನಮ್ಮ ಜಿಲ್ಲೆಯ ಜೀವನಾಡಿಯಾದ ತೊಗರಿ ಉದ್ಯಮದ ಸಣ್ಣ ಮಿಲ್ಲುಗಳಿಗೆ ಅಂಥ ಕಡ್ಡಾಯವಿಲ್ಲ. ಅಲ್ಲಿಗೆ ಶಿಕ್ಷಕರಾದ ನಾವೇ ಹೋಗಿ ಕೇಳಬೇಕು, ಮತ್ತು ಇಷ್ಟು ವರ್ಷ ಕೇಳದೇ ಇದ್ದದ್ದು ತಪ್ಪೆಂದೇ ನನ್ನ ಭಾವನೆ. ಬರುವ ಸುಗ್ಗಿಯಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಎರಡು ವಾರ ಇರಿಸಿಕೊಳ್ಳಲು ನಾವು ಭೇಟಿಕೊಟ್ಟ ಮಿಲ್ಲಿನ ಮಾಲೀಕರು ಒಪ್ಪಿದ್ದಾರೆ. ಮೇಸ್ತ್ರಿಯವರನ್ನು ನಮ್ಮ ತರಗತಿಗೆ ಕರೆಯಲು ಪ್ರಾಂಶುಪಾಲರ ಅನುಮತಿ ಕೇಳಿ ಅರ್ಜಿ ಕೊಟ್ಟಿದ್ದೇನೆ.