ಮಾಟುಂಗಾ ಸೇತುವೆಯ ಮೇಲೆ

ಇಂದು ಸಂಜೆ ಮುಂಬಯಿಯ ಮಾಟುಂಗಾ ರೈಲು ನಿಲ್ದಾಣದ ಸೇತುವೆಯ ಮೇಲೆ ಹಿಂದಿನಿಂದ ಚಪ್ಪಲಿಯ ಸದ್ದು ಹತ್ತಿರವಾದಾಗ ನಾನು ಉಸಿರು ಬಿಗಿಹಿಡಿದು ಕಂಬಿಗೆ ಒರಗಿ ನಿಂತೆ. ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ಅವಸರದಲ್ಲಿ ದಾಟಿ ಹೋದರು, ಅಷ್ಟೇ.

ನನ್ನನ್ನು ಹಿಂಬಾಲಿಸಿ ಕಾಡುತ್ತಿದ್ದ ಮನುಷ್ಯ ನನ್ನ ಬೆನ್ನು ಬಿಟ್ಟು ತಿಂಗಳುಗಳೇ ಕಳೆದಿದ್ದರೂ ನನ್ನ ಕಿವಿಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು ಹೆಣ್ಣನ್ನು ಹೀಗೆ ಹಿಂಬಾಲಿಸಿ ಕಾಡುವುದಕ್ಕೆ ಮೊದಲ ಸಲ 3 ವರ್ಷದವರೆಗೆ, ಮರುಕಳಿಸಿದರೆ 5 ವರ್ಷದವರೆಗೆ ಸೆರೆವಾಸವನ್ನು ವಿಧಿಸುತ್ತದೆ. (ಮೊದಲ ಸಲ ಜಾಮೀನು ಸಿಗುತ್ತದೆ ಎಂಬುದು ಬೇರೆ ಮಾತು.) ದೂರು ಕೊಡುವಾಗ ನನ್ನ ಕೈ ಹಿಡಿದದ್ದು ಒಂದು ನೋಟ್ ಪುಸ್ತಕ: ದಿನಾಂಕ, ಗಂಟೆ, ಯಾವ ಲೋಕಲ್, ಯಾವ ಪ್ಲಾಟ್‌ಫಾರ್ಮ್, ಅವನ ಅಂಗಿಯ ಬಣ್ಣ, ಅವನು ಕಳುಹಿಸಿದ ಸಂದೇಶಗಳು. ಹಾಗೆ ಬರೆದಿಡತೊಡಗಿದ ಮೇಲೆ, ಅದೇ ದೃಶ್ಯವನ್ನು ರಾತ್ರಿಯಿಡೀ ತಲೆಯೊಳಗೆ ಕಾದುಕೊಂಡಿರಬೇಕಾದ ಕೆಲಸ ಸ್ವಲ್ಪ ಹಗುರಾಯಿತು.

"ದಾರಿ ಬದಲಿಸಬಾರದೇನೇ ಮಾರಾಯ್ತಿ" ಎಂದವರ ಮೇಲೆ ನನಗಿನ್ನೂ ಸಿಟ್ಟಿದೆ. ಕೆಳಮಹಡಿಯ ಅತ್ತೆ ಮಾತ್ರ ಏನನ್ನೂ ಕೇಳದೆ, ತರಕಾರಿಯ ನೆಪ ಮಾಡಿಕೊಂಡು, ಎಷ್ಟೋ ಸಂಜೆ ನಿಲ್ದಾಣದವರೆಗೆ ಬಂದು ನನ್ನನ್ನು ಕರೆದೊಯ್ದರು.

ಯಾರಿಗಾದರೂ ಬೇಕಾದೀತು: ಬೆನ್ನ ಹಿಂದೆ ಅಪಾಯವಿದ್ದರೆ 112, ಮುಂಬಯಿ ಪೊಲೀಸರ ಮಹಿಳಾ ಸಹಾಯವಾಣಿ 103, ನಿದ್ದೆಯೇ ಕೆಟ್ಟಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416.