ಫಾರ್ಗೋದಲ್ಲಿ ಲೆಕ್ಕದ ಜಾತ್ರೆ

ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಫಾರ್ಗೋಗೆ ಹೋಗುವವರಲ್ಲಿ ತುಂಬ ಜನ ಮಿನಿಯಾಪೊಲಿಸ್‌ನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುತ್ತಾರೆ. ಅಲ್ಲಿನ ಗೇಟಿನಲ್ಲೇ ನಮ್ಮ ಸಮಾವೇಶ ಅರ್ಧ ಶುರುವಾಗಿತ್ತು. ಪಕ್ಕದವರು ಫೋನಲ್ಲಿ ಯಾರಿಗೋ ಪೇರೋಲ್ ಸರಿಮಾಡಿಸುತ್ತಿದ್ದರು, ಹಿಂದಿನ ಸಾಲಿನವರು ಇನ್ವಾಯ್ಸ್ ಬಗ್ಗೆ ಜಗಳ. ಗ್ರೇಟ್ ಪ್ಲೇನ್ಸ್ ಲೆಕ್ಕದ ಸಾಫ್ಟ್‌ವೇರ್ ಮಾರಿ, ಕೂರಿಸಿ, ನೋಡಿಕೊಳ್ಳುವ ಪಾರ್ಟ್ನರ್‌ಗಳು ನಾವೆಲ್ಲ. ಈಗ ಅದರ ಹೆಸರು ಡೈನಾಮಿಕ್ಸ್ ಜಿಪಿ.

ಮೇಲಿಂದ ನೋಡಿದರೆ ನೆಲ ಚಪ್ಪಟೆ, ಗುಡ್ಡ ಅನ್ನೋದೇ ಇಲ್ಲ. ಹಿಮಯುಗದ ಕೊನೆಯಲ್ಲಿ ಇಲ್ಲಿದ್ದ ಅಗಾಸಿ ಸರೋವರದ ತಳ ಇದು. ಅಕ್ಟೋಬರ್ ಆದ್ದರಿಂದ ಸಕ್ಕರೆ ಬೀಟ್ ಕೊಯ್ಲು ಜೋರಾಗಿತ್ತು. ಮಣ್ಣು ಮೆತ್ತಿದ ಗೆಡ್ಡೆ ಹೊತ್ತ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ರೆಡ್ ನದಿಯ ಆಚೆ ದಡದಲ್ಲಿ ಮೂರ್‌ಹೆಡ್. ಸೇತುವೆ ದಾಟಿದರೆ ರಾಜ್ಯವೇ ಬೇರೆ, ಮಿನಿಸೋಟಾ.

ಇಂಥ ಊರಲ್ಲಿ 1981ರಲ್ಲಿ ಗ್ರೇಟ್ ಪ್ಲೇನ್ಸ್ ಕಂಪನಿ ಹುಟ್ಟಿತು. ಡಗ್ ಬರ್ಗಮ್ ತಮ್ಮ ಪಾಲಿನ ಹೊಲ ಅಡವಿಟ್ಟು 1983ರಲ್ಲಿ ಸೇರಿಕೊಂಡರು. ಮುಂದೆ ಅವರೇ ನಾರ್ತ್ ಡಕೋಟಾದ ಗವರ್ನರ್ ಆದರು. ಮೂಲೆಯಲ್ಲಿರುವ ಊರಿಂದ ದೇಶವಿಡೀ ಸೇಲ್ಸ್‌ಮನ್‌ಗಳನ್ನು ಕಳಿಸಕ್ಕಾಗುತ್ತಾ? ಕಂಪನಿ ಊರೂರಿನ ರೀಸೆಲ್ಲರ್‌ಗಳನ್ನೇ, ಅಂದರೆ ನಮ್ಮಂಥ ಪಾರ್ಟ್ನರ್‌ಗಳನ್ನೇ, ನಂಬಿತು. ವರ್ಷಕ್ಕೊಮ್ಮೆ ಅವರನ್ನೆಲ್ಲ ಫಾರ್ಗೋಗೆ ಕರೆಸುತ್ತಿತ್ತು. ಆ ಜಾತ್ರೆಯ ಹೆಸರು ಸ್ಟಾಂಪೀಡ್. 2001ರಲ್ಲಿ ಮೈಕ್ರೋಸಾಫ್ಟ್ ಸುಮಾರು 110 ಕೋಟಿ ಡಾಲರಿನ ಷೇರು ಕೊಟ್ಟು ಕಂಪನಿ ಕೊಂಡಿತು. ಊರಿನ ದಕ್ಷಿಣಕ್ಕೆ ಅದರ ಕ್ಯಾಂಪಸ್ ಈಗಲೂ ಇದೆ.

ಮೊದಲ ದಿನದ ಭಾಷಣಗಳನ್ನು ಬಿಟ್ಟುಬಿಡುತ್ತೇನೆ. ಎಲ್ಲ ಕಡೆ ಎಐ, ಅಷ್ಟೇ. ಮಧ್ಯಾಹ್ನ ಒಂದು ಸಣ್ಣ ಹಾಲ್‌ನಲ್ಲಿ ಒಬ್ಬರು ಪರದೆ ಮೇಲೆ SY00500 ಅಂತ ಬರೆದರು. ಹಾಲ್ ಪೂರ್ತಿ ನಗು. ಬ್ಯಾಚ್, ಅಂದರೆ ಒಟ್ಟಿಗೆ ಸೇರಿಸಿದ ನಮೂದುಗಳ ಕಟ್ಟು, ಲೆಕ್ಕಕ್ಕೆ ಪೋಸ್ಟ್ ಆಗುತ್ತಿರುವಾಗ ಸಿಕ್ಕಿಹಾಕಿಕೊಂಡರೆ ನಾವೆಲ್ಲ ಕೈ ಹಾಕುವ ಡೇಟಾಬೇಸ್ ಟೇಬಲ್ ಅದು. ತಿಂಗಳ ಕೊನೆಯ ರಾತ್ರಿ ಅದನ್ನು ತೆರೆಯದವರು ಆ ಹಾಲ್‌ನಲ್ಲಿ ಇರಲಿಲ್ಲ ಅನ್ನಿಸುತ್ತೆ.

ಎಲ್ಲರೂ ಬಂದಿದ್ದು ಮಾತ್ರ ಬೇರೆ ವಿಷಯಕ್ಕೆ. 2029ರ ಡಿಸೆಂಬರ್ 31ಕ್ಕೆ ಜಿಪಿಯ ಸಪೋರ್ಟ್ ನಿಲ್ಲುತ್ತದೆ. ಸೆಕ್ಯುರಿಟಿ ಪ್ಯಾಚ್‌ಗಳು 2031ರ ಏಪ್ರಿಲ್ ತನಕ. ತಮಾಷೆ ನೋಡಿ, ಜಿಪಿಯಲ್ಲಿ ಡೆಮೊಗೆಂದು ಇಟ್ಟಿರುವ ಕಾಲ್ಪನಿಕ ಕಂಪನಿ ಫ್ಯಾಬ್ರಿಕಾಮ್ ತೆರೆದರೆ ತಾರೀಕು 2027ರ ಏಪ್ರಿಲ್ 12. ಯಾವುದೋ ದೂರದ ಕಾಲ ಅಂದುಕೊಂಡೇ ಡೆಮೊ ಕೊಡುತ್ತಿದ್ದೆವು.

ಗ್ರಾಹಕರನ್ನು ಮೈಕ್ರೋಸಾಫ್ಟ್‌ನದೇ ಇನ್ನೊಂದು ಲೆಕ್ಕದ ಸಾಫ್ಟ್‌ವೇರ್ ಬಿಸಿನೆಸ್ ಸೆಂಟ್ರಲ್‌ಗೆ ದಾಟಿಸೋದು ಸುಮ್ನೆ ಕಾಪಿ ಮಾಡಿ ಅಂಟಿಸಿದ ಹಾಗಲ್ಲ. ಅದು ಡೆನ್ಮಾರ್ಕ್‌ನ ನ್ಯಾವಿಷನ್ ಅನ್ನೋ ಬೇರೆ ಸಾಫ್ಟ್‌ವೇರಿನ ವಂಶದ್ದು. ಜಿಪಿಯಲ್ಲಿ ಖಾತೆ 000-1100-00 ಅಂತ ತುಂಡುತುಂಡಾಗಿರುತ್ತೆ. ಬಿಸಿನೆಸ್ ಸೆಂಟ್ರಲ್‌ನಲ್ಲಿ ಮುಖ್ಯ ಖಾತೆ ಒಂದು, ಉಳಿದ ತುಂಡುಗಳೆಲ್ಲ ಡೈಮೆನ್ಶನ್, ಅಂದರೆ ನಮೂದಿಗೆ ಪ್ರತ್ಯೇಕವಾಗಿ ಹಚ್ಚುವ ಗುರುತು. ಹಳೇ ಲೆಕ್ಕ ಎಷ್ಟು ವರ್ಷದ್ದು ತರಬೇಕು ಅನ್ನೋದಕ್ಕೆ ಕಾಫಿ ಹೊತ್ತಿನಲ್ಲಿ ದೊಡ್ಡ ವಾದ. ಓಪನಿಂಗ್ ಬ್ಯಾಲೆನ್ಸ್ ಸಾಕು, ಹಳೇದು ಓದೋಕೆ ಜಿಪಿ ಹಾಗೇ ಇರಲಿ ಅಂತ ನನ್ನ ಅಭಿಪ್ರಾಯ. ಆಡಿಟರ್‌ಗಳು ಒಪ್ಪಲ್ಲ, ಅದು ಬೇರೆ ಮಾತು.

ದುಡ್ಡಿನ ಲೆಕ್ಕವೂ ಬದಲಾಗಿದೆ. ಮುಂಚೆ ಲೈಸೆನ್ಸ್ ಮಾರಿದರೆ ಮಾರ್ಜಿನ್ ಒಂದೇ ಸಲ ಕೈಗೆ ಬರುತ್ತಿತ್ತು, ಆಮೇಲೆ ವರ್ಷವರ್ಷದ ರಿನ್ಯೂವಲ್. ಈಗ ತಿಂಗಳ ಚಂದಾದಲ್ಲಿ ಒಂದು ಸಣ್ಣ ಪಾಲು. ಹೊಟ್ಟೆ ತುಂಬೋದು ದುಡಿಮೆಯ ಗಂಟೆಗಳಿಂದಲೇ. ಚಿಕ್ಕ ರೀಸೆಲ್ಲರ್‌ಗಳಿಗೆ ಇದು ಜಾಸ್ತಿ ಕಷ್ಟ. ಆದರೂ ಗ್ರಾಹಕ ಮೊದಲು ಫೋನ್ ಮಾಡೋದು ಅವರಿಗೇ, ಅಲ್ವಾ?

ಸಂಜೆ ಬ್ರಾಡ್‌ವೇ ಬೀದಿಯಲ್ಲಿ, 1926ರ ಫಾರ್ಗೋ ಥಿಯೇಟರಿನ ದೀಪದ ಬೋರ್ಡಿನ ಕೆಳಗೆ, ಹಳೇ ಸ್ಟಾಂಪೀಡ್‌ಗಳನ್ನು ಕಂಡಿದ್ದ ಒಬ್ಬ ಹಿರಿಯರು ಸಿಕ್ಕರು. ವ್ಯಾಪಾರ ಮುಚ್ಚುತ್ತೀರಾ ಅಂತ ಕೇಳಿದೆ.

"ಮುಚ್ಚೋದಾ? 2029ರಲ್ಲಿ ಗ್ರಾಹಕರೆಲ್ಲ ಒಟ್ಟಿಗೇ ಬಂದರೆ ಕೆಲಸಕ್ಕೆ ಜನ ಎಲ್ಲಿಂದ ತರಲಿ? ಈಗಲೇ ಒಬ್ಬೊಬ್ಬರದೂ ಸರದಿ ಬರೆಸಿಕೊಳ್ಳುತ್ತಿದ್ದೇನೆ," ಅಂದರು.