ಪಾಳಿ ಪಟ್ಟಿಯಲ್ಲಿ ಬರೆದ ಹೆಸರು

ಪ್ರತಿ ವರ್ಷ ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ನಮ್ಮ ಆಸ್ಪತ್ರೆಯಲ್ಲಿ ದೀಪ ಹಚ್ಚಿ, ಪ್ರತಿಜ್ಞೆ ಓದಿ, ಹಿರಿಯ ಸಿಸ್ಟರ್ ಒಬ್ಬರಿಗೆ ಶಾಲು ಹೊದಿಸುತ್ತಾರೆ. ಆ ಶಾಲಿನ ಬಗ್ಗೆ ನನಗೆ ಗೌರವವಿದೆ; ನನಗೆ ಹೊದಿಸಿದ ವರ್ಷ ಅಮ್ಮ ಊರಿನಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಆದರೆ ಇಪ್ಪತ್ತೆರಡು ವರ್ಷ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದ ಮೇಲೆ ನನಗೆ ಅನ್ನಿಸಿರುವುದೆಂದರೆ, ನಮ್ಮ ಕೆಲಸ ಯಾರ ಕಣ್ಣಿಗಾದರೂ ಬಿದ್ದಿದೆ ಎಂಬ ಭಾವನೆಯನ್ನು ಹುಟ್ಟಿಸುವುದೂ ಸಾಯಿಸುವುದೂ ಪಾಳಿ ಪಟ್ಟಿ, ಬಟ್ಟೆ ಬದಲಿಸುವ ಕೋಣೆ ಮತ್ತು ಸಂಬಳದ ತಾರೀಖು.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ದಾದಿ ಇರಬೇಕು. ನಮ್ಮ ವಾರ್ಡಿನಲ್ಲಿ ರಾತ್ರಿ ನಲವತ್ತು ಹಾಸಿಗೆಗಳಿಗೆ ಇಬ್ಬರಿರುತ್ತೇವೆ. ಅಂಥ ರಾತ್ರಿಗಳಲ್ಲಿ ರೋಗಿಯನ್ನು ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ಸಿಗುವುದಿಲ್ಲ, ಬೆಡ್ ನಂಬರೇ ಹೆಸರಾಗುತ್ತದೆ. ಡ್ರಿಪ್ ಮುಗಿದು ರಕ್ತ ನಳಿಕೆಯೊಳಗೆ ಹಿಮ್ಮರಳಿದಾಗ ರೋಗಿಯ ಕಡೆಯವರು ಕೂಗಾಡುತ್ತಾರೆ, ಅವರ ಸಿಟ್ಟಿನಲ್ಲಿ ತಪ್ಪೂ ಇರುವುದಿಲ್ಲ. ಒಮ್ಮೆ ರೋಗಿಗಳು ಕಡಿಮೆಯಿದ್ದ ರಾತ್ರಿ, ಬೆನ್ನಿನಲ್ಲಿ ಹುಣ್ಣಾಗಿದ್ದ ಅಜ್ಜನೊಬ್ಬನನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಅವಸರವಿಲ್ಲದೆ ಡ್ರೆಸ್ಸಿಂಗ್ ಮಾಡಲು ಸಾಧ್ಯವಾಯಿತು. ಬೆಳಿಗ್ಗೆ ಅವನ ಹೆಂಡತಿ ನನ್ನ ಹೆಸರು ಕೇಳಿ ತಿಳಿದುಕೊಂಡು, ಡಿಸ್ಚಾರ್ಜ್ ಆಗುವ ತನಕ ಹೆಸರಿನಿಂದಲೇ ಕರೆದಳು. ರೋಗಿಯ ಮೆಚ್ಚುಗೆಗೂ ಮೊದಲು ಸಮಯ ಬೇಕು, ಸಮಯ ಕೊಡುವುದು ಸಿಬ್ಬಂದಿಯ ಸಂಖ್ಯೆ.

ಬಹಳ ವರ್ಷ ನಮಗೆ ಬಟ್ಟೆ ಬದಲಿಸಲು ಇದ್ದದ್ದು ಸ್ಟೋರ್ ರೂಮು. ಒಗೆಯಲು ಕಟ್ಟಿಟ್ಟ ಹೊದಿಕೆಯ ಗಂಟುಗಳ ಹಿಂದೆ ಒಬ್ಬರು ನಿಂತರೆ ಇನ್ನೊಬ್ಬರು ಬಾಗಿಲು ಹಿಡಿದಿರಬೇಕಿತ್ತು, ಏಕೆಂದರೆ ಒಳಗಿನಿಂದ ಚಿಲಕವಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ, ರಾತ್ರಿ ಪಾಳಿಯ ನಡುವೆ ಸೆಮಿನಾರ್ ಕೊಠಡಿಯಲ್ಲಿ ಮಲಗಿದ್ದ ತರಬೇತಿ ವೈದ್ಯೆಯ ಹತ್ಯೆಯಾದಾಗ, ನನಗೆ ಮೊದಲು ನೆನಪಾದದ್ದು ಆ ಬಾಗಿಲು. ಆ ವರ್ಷದ ಕೊನೆಗೆ ನಮಗೊಂದು ಕೋಣೆ, ಎರಡು ಮಂಚ, ಗಟ್ಟಿ ಚಿಲಕ ಬಂದವು. ಮೊದಲ ದಿನ ಅಲ್ಲಿ ಕುಳಿತು ಚಪಾತಿ ತಿನ್ನುವಾಗ ಜೊತೆಯ ಸಿಸ್ಟರ್ ಏನೂ ಮಾತಾಡದೆ ಕಣ್ಣೊರೆಸಿಕೊಂಡಳು.

ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿ ಇನ್ನೂ ಕಷ್ಟದ್ದು. ಸುಪ್ರೀಂ ಕೋರ್ಟ್ 2016ರಲ್ಲಿ ನೀಡಿದ ಆದೇಶದಂತೆ ರಚನೆಯಾದ ತಜ್ಞರ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದಿತ್ತು. ನನ್ನ ತಂಗಿಯ ಮಗಳು ಇಂದಿಗೂ ಅಷ್ಟನ್ನು ಕಂಡಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಯ ಸಂಗತಿ. 2020ರ ಮೇ 3ರಂದು, ಕೋವಿಡ್ ಕಾಲದಲ್ಲಿ ದುಡಿಯುತ್ತಿದ್ದವರಿಗೆ ಗೌರವವೆಂದು, ದೇಶದ ಹಲವು ಆಸ್ಪತ್ರೆಗಳ ಮೇಲೆ ವಾಯುಪಡೆಯ ಹೆಲಿಕಾಪ್ಟರುಗಳು ಹೂ ಸುರಿಸಿದಾಗ ನಾವೆಲ್ಲ ಟಿವಿಯ ಮುಂದೆ ನಿಂತು ನೋಡಿದ್ದೆವು, ನಮ್ಮ ಜೊತೆ ಅವರೂ ನಿಂತಿದ್ದರು. ಆದರೆ ನಮ್ಮ ಪಾಳಿ ಪಟ್ಟಿಯಲ್ಲಿ ಅವರು ‘ಏಜೆನ್ಸಿ 1, ಏಜೆನ್ಸಿ 2’ ಎಂದೇ ಇದ್ದರು. ಹೊಸದಾಗಿ ಬಂದ ನರ್ಸಿಂಗ್ ಸೂಪರಿಂಟೆಂಡೆಂಟ್ ಪಟ್ಟಿಯನ್ನು ತಿಂಗಳ 25ಕ್ಕೇ ಅಂಟಿಸುವ ಪದ್ಧತಿ ತಂದರು, ರಜೆಯ ಕೋರಿಕೆಗೆ ಒಂದು ನೋಟ್‌ಬುಕ್ ಇಟ್ಟರು, ಈ ಹೆಂಗಸರನ್ನೂ ಹೆಸರಿನಿಂದಲೇ ಬರೆದರು. ಅವರಲ್ಲೊಬ್ಬಾಕೆ, ಹತ್ತು ವರ್ಷದಿಂದ ನಮ್ಮ ವಾರ್ಡನ್ನು ತೊಳೆದವಳು, ಮಗಳನ್ನು ಕರೆತಂದು ತನ್ನ ಹೆಸರಿದ್ದ ಸಾಲನ್ನು ಓದಿಸಿಕೊಂಡಳು.

ಅವರ ಸಂಬಳದ ತಾರೀಖು ಮಾತ್ರ ಗುತ್ತಿಗೆದಾರರ ಕೈಯಲ್ಲಿದೆ. ಒಂದು ತಿಂಗಳು 12, ಇನ್ನೊಂದು ತಿಂಗಳು 20. ಅದನ್ನು 5ನೇ ತಾರೀಖಿಗೆ ನಿಗದಿಪಡಿಸುವಂತೆ ಆಡಳಿತವು ಗುತ್ತಿಗೆಯ ಕರಾರಿನಲ್ಲೇ ಸೇರಿಸಬೇಕೆಂದು ಕೋರಿ ನಾವು ಹದಿನಾಲ್ಕು ಸಿಸ್ಟರುಗಳು ಸಹಿ ಮಾಡಿದ ಅರ್ಜಿಯನ್ನು ಹೋದ ಸೋಮವಾರ ಕಚೇರಿಗೆ ಕೊಟ್ಟು, ಸ್ವೀಕೃತಿ ಪಡೆದಿದ್ದೇವೆ.